ಕಣ್ಣಿನ ರಕ್ತದ ಹರಿವು ನೋಡುವ ಪರೀಕ್ಷೆ: ಬೋರ್ಡಿಗೆ ಕನ್ನಡದಲ್ಲಿ ಏನು ಬರೆಯೋಣ?

ರಾಯಚೂರಿನಿಂದ:
ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ಕಣ್ಣಿನ ದವಾಖಾನೆಗೆ ಬೋರ್ಡು, ರೋಗಿಗಳಿಗೆ ಕೊಡುವ ಚೀಟಿ ಎರಡನ್ನೂ ಬರೆದುಕೊಡುತ್ತಿದ್ದೇನೆ. ನಾಳೆ ಸಂಜೆಯೊಳಗೆ ಪೇಂಟರ್ ಕೈಗೆ ಹೋಗಬೇಕು. ಕಣ್ಣೊಳಗೆ ರಕ್ತ ಹೇಗೆ ಹರಿಯುತ್ತಿದೆ ಅಂತ ನೋಡುವ ಕೋಣೆ ಅದು. 'ನಾನ್-ಇನ್ವೇಸಿವ್' (ಚುಚ್ಚದೆ, ಕೊಯ್ಯದೆ ಮಾಡುವ) ಅನ್ನೋದಕ್ಕೆ ಕಂಪ್ಯೂಟರ್ 'ಆಕ್ರಮಣಶೀಲವಲ್ಲದ' ಅಂತ ಕೊಟ್ಟಿದೆ. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿ ಹೆದರಿ ಬಂದವರು ಇದನ್ನು ಓದಿ ಏನಂದುಕೊಳ್ಳಬೇಕು? 'ಮುಟ್ಟದ ಪರೀಕ್ಷೆ' ಅಂದರೆ ಸರಿಯಾದೀತಾ? ರೆಟಿನಾಗೆ 'ಅಕ್ಷಿಪಟಲ' ಬೇಕಾ, 'ಕಣ್ಣಿನ ಪರದೆ' ಸಾಕಾ?

ಬಳ್ಳಾರಿಯಿಂದ:
'ರಕ್ತ' ಬೇಡ. ರಂಜ್ ಧಾತುವಿನಿಂದ ಬಂದದ್ದು, ಬಣ್ಣ ಹಚ್ಚಿದ್ದು ಅಂತ ಮೂಲದ ಅರ್ಥ. 'ನೆತ್ತರು' ಇದೆಯಲ್ಲ. ತೆಲುಗಿನಲ್ಲಿ ನೆತ್ತುರು, ಹಳೆಯ ತಮಿಳಿನಲ್ಲೂ ಇದರ ಒಡಹುಟ್ಟಿದ ಪದ ಇದೆ. 'ಕಣ್ಣಿನ ನೆತ್ತರ ಹರಿವಿನ ಅಳತೆ' ಅಂತ ಬರೆಯಿರಿ, ಮುಗೀತು. 'ತಪಾಸಣೆ'ಯೂ ಬೇಡ, ಮರಾಠಿ ಅದು. 'ದವಾಖಾನೆ' ಅಂತೂ ಬೇಡವೇ ಬೇಡ.

ಕೊಪ್ಪಳದಿಂದ:
ಒಪ್ಪಲಾರೆ ಸರ್. ನಮ್ಮ ಕಡೆ ನೆತ್ತರು ಅಂದರೆ ಗಾಯದಿಂದ ಸುರಿಯುವುದು. ಬಾಗಿಲ ಮೇಲೆ ಅದನ್ನು ಓದಿದ ಅಜ್ಜಿ ಒಳಗೆ ಕಾಲಿಡುವುದಿಲ್ಲ.

ನಾನು ದಿನಾ ಈ ಯಂತ್ರಗಳ ಮುಂದೆಯೇ ಕೂರುವವಳು. 'ಮುಟ್ಟದ' ಅಂತ ಬರೆಯಬೇಡಿ, ಅದು ಸುಳ್ಳಾಗುತ್ತದೆ. ಶಬ್ದದ ಅಲೆಯಿಂದ ರಕ್ತದ ಓಟ ನೋಡುವ ಕಲರ್ ಡಾಪ್ಲರ್ ಮಾಡುವಾಗ ಮುಚ್ಚಿದ ರೆಪ್ಪೆಗೆ ಜೆಲ್ ಹಚ್ಚಿ ಪ್ರೋಬ್ ಅನ್ನುವ ಸಣ್ಣ ಸಲಕರಣೆ ಇಡುತ್ತೇವೆ. ಮುಟ್ಟುತ್ತೇವೆ, ಆದರೆ ಚುಚ್ಚುವುದಿಲ್ಲ. ಬೆಳಕಿನಿಂದ ಕಣ್ಣೊಳಗಿನ ರಕ್ತನಾಳಗಳ ಚಿತ್ರ ತೆಗೆಯುವ ಓಸಿಟಿ ಆಂಜಿಯೋಗ್ರಫಿಯಲ್ಲಿ ಮಾತ್ರ ಯಂತ್ರ ಕಣ್ಣಿಗೆ ತಾಗುವುದಿಲ್ಲ. ಗದ್ದ ಇಟ್ಟು, ಹಣೆ ಒತ್ತಿ, ಒಳಗೆ ಕಾಣುವ ಗುರುತನ್ನೇ ನೋಡುತ್ತಾ ಕೂರಬೇಕು. ಬೆಳಕು ಒಂದೇ ಜಾಗವನ್ನು ಮತ್ತೆ ಮತ್ತೆ ಸ್ಕ್ಯಾನ್ ಮಾಡುತ್ತದೆ, ಅಲುಗದ ಭಾಗ ಪ್ರತಿ ಸಲವೂ ಹಾಗೇ ಕಾಣುತ್ತದೆ, ರಕ್ತಕಣ ಓಡುವ ಕಡೆ ಬದಲಾಗುತ್ತದೆ, ಆ ವ್ಯತ್ಯಾಸದಿಂದಲೇ ಸಣ್ಣ ಸಣ್ಣ ರಕ್ತನಾಳಗಳ ಬಲೆ ಕಂಪ್ಯೂಟರ್ ಪರದೆಯ ಮೇಲೆ ಮೂಡುತ್ತದೆ. ಕಣ್ಣು ಸರಿಯಿತೋ, ಚಿತ್ರಕ್ಕೆ ಅಡ್ಡಗೆರೆ ಬಿತ್ತು. 1961ರಲ್ಲಿ ಬಂದ ಫ್ಲೋರೆಸಿನ್ ಪರೀಕ್ಷೆಗಾದರೆ ತೋಳಿನ ರಕ್ತನಾಳಕ್ಕೆ ಬಣ್ಣದ ಔಷಧ ಚುಚ್ಚಲೇಬೇಕು. ಕೆಲವರಿಗೆ ವಾಕರಿಕೆ ಬರುತ್ತದೆ, ಮೂತ್ರ ಹಳದಿಯಾಗುತ್ತದೆ. ಬಂದವರು ಮೊದಲು ಕೇಳುವುದೇ ಸೂಜಿ ಚುಚ್ಚುತ್ತೀರಾ ಅಂತ. ಅದಕ್ಕೆ ಉತ್ತರ ಬೋರ್ಡಿನಲ್ಲೇ ಇರಲಿ.

'ಹರಿವಿನ ಅಳತೆ'ಯೂ ಎಲ್ಲದಕ್ಕೂ ಹೊಂದುವುದಿಲ್ಲ. ಓಸಿಟಿ ಆಂಜಿಯೋಗ್ರಫಿ ರಕ್ತ ಎಲ್ಲಿ ಓಡುತ್ತಿದೆ ಅಂತ ತೋರಿಸುತ್ತದೆ, ಎಷ್ಟು ಅಂತಲ್ಲ. 1972ರಲ್ಲಿ ವಿಜ್ಞಾನಿ ರಿವಾ ಮತ್ತು ಜೊತೆಗಾರರು ರೆಟಿನಾದ ನಾಳದಲ್ಲಿ, ಶಬ್ದದ ಬದಲು ಲೇಸರ್ ಬೆಳಕು ಬಳಸುವ ಲೇಸರ್ ಡಾಪ್ಲರಿನಿಂದ ಅಳೆದದ್ದೂ ರಕ್ತದ ವೇಗ ಮಾತ್ರ. ತುಂಗಭದ್ರಾ ಕಾಲುವೆಯಲ್ಲಿ ನೀರು ಎಷ್ಟು ಜೋರಾಗಿ ಓಡುತ್ತಿದೆ ಅಂತ ಗೊತ್ತಾದರೆ ಸಾಲದು, ಅಗಲ, ಆಳ ಗೊತ್ತಿಲ್ಲದೆ ಎಷ್ಟು ಕ್ಯೂಸೆಕ್ ಅಂತ ಹೇಳೋಕಾಗಲ್ಲ ಅಲ್ವಾ? ಇಲ್ಲೂ ನಾಳದ ಅಗಲ ಬೇಕು. ಚೀಟಿಯಲ್ಲಿ 'ವೇಗ', 'ಹರಿವು' ಎರಡನ್ನೂ ಬೇರೆ ಬೇರೆ ಬರೆಯಿರಿ.

'ನರ' ಅಂತ ಮಾತ್ರ ಎಲ್ಲೂ ಬೇಡ. ಜನ ರಕ್ತನಾಳಕ್ಕೂ ನರ ಅಂತಾರೆ ನಿಜ, ಆದರೆ 'ಕಣ್ಣಿನ ನರ' ಅಂದರೆ ಡಾಕ್ಟರಿಗೆ ಬೇರೆಯದೇ ಭಾಗ. ಬರೀ 'ಪರದೆ' ಅಂದರೆ ಪೊರೆ ಅಂದುಕೊಳ್ಳುವವರೂ ಇದ್ದಾರೆ. 'ಕಣ್ಣಿನ ಹಿಂಭಾಗದ ಪರದೆ' ಅನ್ನಿ.

ಬಳ್ಳಾರಿಯಿಂದ:
'ಪರದೆ' ಪಾರಸಿ. ಹೀಗೆ ಒಂದೊಂದಾಗಿ ಬಿಟ್ಟುಕೊಟ್ಟರೆ ನೆತ್ತರು ಅನ್ನುವ ಮಾತು ನಮ್ಮ ಮಕ್ಕಳ ಬಾಯಲ್ಲಿ ಉಳಿಯುವುದಿಲ್ಲ. ನಾನಂತೂ ಒಪ್ಪುವುದಿಲ್ಲ.

ಕೊಪ್ಪಳದಿಂದ:
ಪಾರಸಿ ಅಂತ ಗೊತ್ತು ಸರ್. 1948ರವರೆಗೆ ನಾವು ನಿಜಾಮರ ಹೈದರಾಬಾದಿನಲ್ಲಿದ್ದವರು, ನಿಮ್ಮ ಬಳ್ಳಾರಿ 1953ರವರೆಗೆ ಮದ್ರಾಸಿನಲ್ಲಿತ್ತು. ನಮಗೆ ದವಾಖಾನೆ, ನಿಮಗೆ ಆಸ್ಪತ್ರೆ. ಅದೂ ಹೊರಗಿನಿಂದ ಬಂದದ್ದೇ. ಎರಡೂ ಈಗ ಕನ್ನಡ. ಅವರಿಗೆ ನಾಳೆ ಬೋರ್ಡು ಬೇಕು, ಸುಮ್ನೆ ಎಳೆಯುವುದು ಬೇಡ.

ರಾಯಚೂರಿನಿಂದ:
'ಕಣ್ಣಿನ ರಕ್ತ ಸಂಚಾರ ಪರೀಕ್ಷೆ. ಸೂಜಿ ಚುಚ್ಚುವುದಿಲ್ಲ.' ಇಷ್ಟೇ ಕೊಡುತ್ತಿದ್ದೇನೆ. ಅಕ್ಕಾ, ಕಣ್ಣಿಗೆ ಹನಿ ಹಾಕುತ್ತೀರಾ?

ಕೊಪ್ಪಳದಿಂದ:
ಕೆಲವರಿಗೆ ಪಾಪೆ ಅಗಲ ಮಾಡುವ ಹನಿ ಹಾಕುತ್ತೇವೆ. ಒಂದಷ್ಟು ಗಂಟೆ ಹತ್ತಿರದ್ದು ಮಂಜಾಗಿ ಕಾಣುತ್ತದೆ, ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಗಾಡಿ ಓಡಿಸಬೇಡಿ, ಜೊತೆಗೆ ಯಾರನ್ನಾದರೂ ಕರೆತನ್ನಿ ಅಂತ ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ.