ಸತ್ತ ಕುರಿ ಸುಲಿದ ಕೈಯಲ್ಲಿ ಕಪ್ಪು ಹುಣ್ಣು

ಪ್ರಶ್ನೆ (ಸುರಪುರ ತಾಲ್ಲೂಕು): ಸಂಜೆ ಚೆನ್ನಾಗಿ ಮೇದು ಬಂದ ಕುರಿಯೊಂದು ಬೆಳಗಾಗುವಷ್ಟರಲ್ಲಿ ಸತ್ತಿತ್ತು. ಮೂಗಿನಿಂದ ಸೋರಿದ ಕಪ್ಪು ರಕ್ತ ಹೆಪ್ಪುಗಟ್ಟಿರಲಿಲ್ಲ. ಚರ್ಮವಾದರೂ ಉಳಿಯಲಿ ಎಂದು ಅಣ್ಣ ಸುಲಿದ. ನಾಲ್ಕನೆಯ ದಿನ ಅವನ ಮುಂಗೈಯಲ್ಲಿ ತುರಿಕೆಯ ಗುಳ್ಳೆ ಎದ್ದಿತು. ಈಗ ನಡುವೆ ಇದ್ದಿಲಿನಂತೆ ಕಪ್ಪು, ಸುತ್ತಲೂ ಬಾವು, ನೋವು ಮಾತ್ರ ಇಲ್ಲ. ಪರೀಕ್ಷೆಯ ಚೀಟಿಯಲ್ಲಿ ‘ಗ್ರಾಂ ಪಾಸಿಟಿವ್ ಬ್ಯಾಸಿಲೈ’ ಎಂದಿದೆ. ರೋಗ ಖಚಿತವಾಯಿತು ಎಂದರ್ಥವೇ?

ಉತ್ತರ (ಸೂಕ್ಷ್ಮಜೀವಿ ತಜ್ಞೆ, ಕಲಬುರಗಿ): ‘ಪಾಸಿಟಿವ್’ ಎಂಬ ಮಾತಿಗೆ ಹೆದರಬೇಡಿ, ‘ನೋವಿಲ್ಲ’ ಎಂಬ ಮಾತಿಗೆ ಹೆದರಿ. ಬ್ಯಾಸಿಲೈ ಎಂದರೆ ಕೋಲಿನಾಕಾರದ ಬ್ಯಾಕ್ಟೀರಿಯಾ, ಪಾಸಿಟಿವ್ ಇಲ್ಲಿ ಬರೀ ಬಣ್ಣದ ಲೆಕ್ಕ. ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಂ 1884ರಲ್ಲಿ ಪ್ರಕಟಿಸಿದ ವಿಧಾನವಿದು. ನೇರಳೆ ಬಣ್ಣ ಹಚ್ಚಿ ಸ್ಪಿರಿಟ್‌ನಲ್ಲಿ ತೊಳೆದರೂ ದಪ್ಪ ಕೋಶಭಿತ್ತಿಯ ಬ್ಯಾಕ್ಟೀರಿಯಾ ಬಣ್ಣ ಬಿಡುವುದಿಲ್ಲ. ರೊಟ್ಟಿಯ ಜೊತೆ ನೀವು ಉಣ್ಣುವ ಮೊಸರಿನಲ್ಲಿ ಇರುವವೂ ಗ್ರಾಂ ಪಾಸಿಟಿವ್ ಬ್ಯಾಕ್ಟೀರಿಯಾಗಳೇ.

ಆದರೆ ನೀವು ಹೇಳಿದ ಕಥೆ ಬೇರೆ. ಅದರಲ್ಲಿ ನನಗೆ ಕಾಣುತ್ತಿರುವುದು ಆಂಥ್ರಾಕ್ಸ್, ಅಂದರೆ ನೆರಡಿ ರೋಗ. ನೀವು ಇದ್ದಿಲು ಎಂದಿರಿ. ಗ್ರೀಕ್ ಭಾಷೆಯಲ್ಲಿ ಆಂಥ್ರಾಕ್ಸ್ ಎಂದರೂ ಇದ್ದಿಲೇ. ಇವತ್ತೇ ಜಿಲ್ಲಾ ಆಸ್ಪತ್ರೆಗೆ ಹೋಗಿ. ಹುಣ್ಣು ತೋರಿಸುವ ಮೊದಲು ಕುರಿಯ ಸುದ್ದಿ ಹೇಳಿ, ಕೇಳದೆ ಯಾರಿಗೂ ಹೊಳೆಯುವುದಿಲ್ಲ. ಹುಣ್ಣನ್ನು ಹಿಚುಕುವುದು, ಕೊಯ್ಯುವುದು ಬೇಡ. ಚರ್ಮಕ್ಕಷ್ಟೇ ತಗುಲಿದ್ದರೆ ಸಕಾಲದ ಚಿಕಿತ್ಸೆಯಿಂದ ಬಹುತೇಕ ಎಲ್ಲರೂ ಗುಣವಾಗುತ್ತಾರೆ.

ಅದೇ ವ್ಯಕ್ತಿ (ಮೂರು ದಿನಗಳ ನಂತರ): ಆಂಥ್ರಾಕ್ಸ್ ಎಂದೇ ಹೇಳಿ ಮಾತ್ರೆ ಕೊಟ್ಟಿದ್ದಾರೆ. ಜ್ವರ ಇಲ್ಲ, ಆದರೂ ಕಪ್ಪು ಹಿಗ್ಗುತ್ತಲೇ ಇದೆ. ಮಾತ್ರೆ ಬದಲಿಸಬೇಕೇ?

ಉತ್ತರ (ಸೂಕ್ಷ್ಮಜೀವಿ ತಜ್ಞೆ): ಬೇಡ. ಬ್ಯಾಕ್ಟೀರಿಯಾ ಸತ್ತರೂ ಅದು ಆಗಲೇ ಕಕ್ಕಿದ ವಿಷ ತನ್ನ ಕೆಲಸ ಮುಗಿಸಿಯೇ ಬಿಡುತ್ತದೆ. ಹೊಪ್ಪಳೆ ತಾನಾಗಿ ಉದುರಲು ವಾರಗಳು ಬೇಕು. ಜ್ವರ ಬಂದರೆ ಅಥವಾ ಬಾವು ಮೇಲಕ್ಕೇರಿದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ.

ಪಶುವೈದ್ಯ (ಯಾದಗಿರಿ): ಒಂದು ಮಾತು ಸೇರಿಸುತ್ತೇನೆ. ಹೀಗೆ ಸತ್ತ ಕುರಿಯನ್ನು ಕೊಯ್ಯಲೇಬಾರದು. ಮುಚ್ಚಿದ ದೇಹದಲ್ಲಿ ಈ ಬ್ಯಾಕ್ಟೀರಿಯಾ ಕೊಳೆತದ ಜೊತೆಗೇ ಸಾಯುತ್ತದೆ. ಗಾಳಿ ಸೋಕಿದರೆ ಬೀಜಾಣುವಾಗಿ ಮಣ್ಣಿನಲ್ಲಿ ದಶಕಗಟ್ಟಲೆ ಕಾಯುತ್ತದೆ. ಉಳಿದ ಕುರಿಗಳಿಗೆ ಲಸಿಕೆ ಹಾಕಿಸಿ. ಅಂದಹಾಗೆ, ಆ ಚರ್ಮ ಈಗ ಎಲ್ಲಿದೆ?

ಅದೇ ವ್ಯಕ್ತಿ: ಉಪ್ಪು ಸವರಿ ಅಂಗಳದಲ್ಲಿ ಒಣಗಲು ಹಾಕಿದ್ದೇವೆ.

ಪಶುವೈದ್ಯ: ಮುಟ್ಟಬೇಡಿ, ಮಾರಬೇಡಿ, ಮಕ್ಕಳನ್ನು ಅತ್ತ ಬಿಡಬೇಡಿ. ಈಗಲೇ ಹತ್ತಿರದ ಪಶು ಆಸ್ಪತ್ರೆಗೆ ಫೋನ್ ಮಾಡಿ.