ಅಪ್‌ಡೇಟ್: ಟ್ಯೂಬ್‌ಲೈಟ್ ಪಟ್ಟೆ ಕೊನೆಗೂ ಹೋಯ್ತು

ಹಾಸನದ ಕಾಲೇಜು ಕಾರಿಡಾರ್‌ನಲ್ಲಿ ಫೋನಲ್ಲಿ ತೆಗೆದ ಥ್ರಿಲ್ಲರ್ ಓಪನಿಂಗ್‌ನಲ್ಲಿ ಕಪ್ಪು ಪಟ್ಟೆ ಓಡ್ತಿದೆ, ಏನ್ ಮಾಡೋದು ಅಂತ ಹಿಂದೆ ಇಲ್ಲಿ ಪ್ರಶ್ನೆ ಹಾಕಿದ್ದೆ. ‘ಸೆಕೆಂಡಿಗೆ 25 ಫ್ರೇಮ್ ಇಟ್ಟು ಶಟರ್ (ಒಂದು ಫ್ರೇಮ್ ಬೆಳಕು ಹಿಡಿಯೋ ಹೊತ್ತು) 1/50 ಸೆಕೆಂಡಿಗೆ ಲಾಕ್ ಮಾಡಿ’ ಅಂದವರಿಗೆ ದೊಡ್ಡ ಥ್ಯಾಂಕ್ಸ್, ಕೆಲಸ ಮಾಡಿದ್ದು ಅದೇ. ನಮ್ಮ ಕರೆಂಟು 50 ಹರ್ಟ್ಜ್, ಚೋಕ್ (ಹಳೇ ಪಟ್ಟಿಯೊಳಗಿನ ಕಾಯಿಲ್) ಇರೋ ಟ್ಯೂಬ್ ಸೆಕೆಂಡಿಗೆ 100 ಸಲ ಮಿನುಗುತ್ತೆ. 1/50ರಲ್ಲಿ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಮಿನುಗು, 1/100ರಲ್ಲಿ ಒಂದು ಸಿಗುತ್ತೆ. ಆಟೋದಲ್ಲಿ ಶಟರ್ 1/60, 1/120ಕ್ಕೆ ಹಾರಿದ ಕೂಡ್ಲೇ ತಾಳ ತಪ್ಪುತ್ತೆ. ಬೆಳಕು ಜಾಸ್ತಿಯಾದ್ರೆ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಸೆಟ್ಟಿಂಗ್) ಇಳಿಸಿ, ಶಟರ್ ಮುಟ್ಟಬೇಡಿ.

ಎಡಿಟಿಂಗ್‌ನಲ್ಲಿ ಡಿಫ್ಲಿಕರ್ (ಮಿನುಗು ಅಳಿಸೋ ಎಫೆಕ್ಟ್) ಹಾಕೋದು ಕೈಕೊಟ್ಟಿತು. ಖಾಲಿ ಗೋಡೆ ಸರಿಹೋಯ್ತು, ಹುಡುಗಿ ಬಾಗಿಲ ಕಡೆ ತಿರುಗೋ ಶಾಟಲ್ಲಿ ಮಾತ್ರ ಕೆನ್ನೆ, ಕೂದಲು ಕಲಸಿಹೋದವು. ಅದನ್ನ ಮತ್ತೆ ಶೂಟ್ ಮಾಡಿದ್ವಿ.

ಹೊಸದಾಗಿ ತಿಳಿದದ್ದು: ಸೆಕೆಂಡಿಗೆ 120 ಫ್ರೇಮ್ ಸ್ಲೋಮೋಷನ್‌ನಲ್ಲಿ ಒಂದು ಫ್ರೇಮಿಗೆ ಇರೋದೇ 1/120 ಸೆಕೆಂಡು, ಹಾಗಾಗಿ 1/100 ಶಟರ್ ಸಿಗೋದೇ ಇಲ್ಲ. ಅಂಥ ಶಾಟಿಗೆ ಟ್ಯೂಬ್ ಆಫ್ ಮಾಡಿ, ಮಿನುಗದ ಬ್ಯಾಟರಿ ಲೈಟ್ ಬಳಸಿ.