160 ಎಚ್‌ಪಿ ಎಂಜಿನ್ ಅಂತಾರ, 125 ಕೆವಿಎ ಜಗ್ಗವಲ್ದು

ತೊಗರಿಮಿಲ್ (ಕಲಬುರಗಿ):
ಮಿಲ್ಲಿಗೆ ಜನರೇಟರ್ ಮಾಡೀವಿ. ಲಾರಿದು 5.9 ಲೀಟರ್ ಕಮಿನ್ಸ್ ಎಂಜಿನ್, 160 ಎಚ್‌ಪಿ. 125 ಕೆವಿಎ ಆಲ್ಟರ್ನೇಟರ್‌ಗ (ಕರೆಂಟ್ ಹುಟ್ಟಿಸೋ ಯಂತ್ರ) ಹಚ್ಚೀವಿ. ಖಾಲಿ ಓಡಿಸಿದ್ರ 50 ಹರ್ಟ್ಜ್ ಬರೋಬ್ಬರಿ. ದೊಡ್ಡ ಮೋಟಾರ್ ಚಾಲೂ ಮಾಡಿದ ಕೂಡ್ಲೆ ಕರಿ ಹೊಗಿ, 43ಕ್ಕ ಬೀಳ್ತದ, ಕಾಂಟ್ಯಾಕ್ಟರ್ (ಮೋಟಾರಿನ ಸ್ವಿಚ್) ಟಕಟಕ ಅಂತಾವ. 160 ಎಚ್‌ಪಿ ಅಂದ್ರ 119 ಕಿಲೋವ್ಯಾಟ್, 125 ಕೆವಿಎಗ 0.8 ಪವರ್ ಫ್ಯಾಕ್ಟರ್‌ಗ 100 ಕಿಲೋವ್ಯಾಟ್ ಸಾಕಲ್ರಿ? ಫಿಲ್ಟರ್, ನಾಜಲ್ ಎಲ್ಲಾ ಹೊಸಾವು. ಸೀಜನ್ ಶುರು ಆಗ್ಯಾದ, ಜೆಸ್ಕಾಂ ಕರೆಂಟ್ ಹೋತಂದ್ರ ಮಿಲ್ ಬಂದ್. ಲಗೂ ಹೇಳ್ರಿ.

ನಾಜಲ್_ಬಾಸ್ (ಶಹಾಪುರ):
ಏರ್ ಹಿಡದದ, ಮತ್ತೇನಿಲ್ಲ. ಟ್ಯಾಂಕಿನಿಂದ ಫೀಡ್ ಪಂಪಿನ ತನಕ ಪೈಪ್ ತಗದು ಪಾರದರ್ಶಕ ಪೈಪ್ ಹಚ್ಚಿ ನೋಡ್ರಿ, ಗುಳ್ಳಿ ಕಾಣ್ತಾವ. ಬ್ಯಾಂಜೋ ಬೋಲ್ಟಿನ (ಡೀಸೆಲ್ ಪೈಪ್ ಕೂಡಿಸೋ ತೂತಿನ ಬೋಲ್ಟ್) ತಾಮ್ರದ ವಾಷರ್ ಹಳೇದು ಹಾಕಿದ್ರ ಖಾತ್ರಿ ಅದೇ.

ಬೀದರ್_ಡೀಸೆಲ್:
ಏರ್ ಇದ್ದರೆ ಕರಿ ಹೊಗೆ ಬರಲ್ಲ, ಎಂಜಿನ್ ತಡವರಿಸುತ್ತೆ. ಕರಿ ಹೊಗೆ ಅಂದರೆ ಡೀಸೆಲ್ ಸಾಕಷ್ಟು ಹೋಗ್ತಿದೆ, ಗಾಳಿ ಸಾಲುತ್ತಿಲ್ಲ. ತೊಗರಿಮಿಲ್ ಅವರೇ, 160 ಎಷ್ಟು ಆರ್‌ಪಿಎಂಗೆ? ಪ್ಲೇಟ್ ಮೇಲೆ ಏನಿದೆ? ಲೋಡ್ ತೆಗೆದಾಗ ಸ್ಪೀಡ್ ಎಲ್ಲಿಗೆ ಹೋಗುತ್ತೆ?

ನಾಜಲ್_ಬಾಸ್:
ಏರ್ ಇದ್ರೂ ಹೊಗಿ ಬರ್ತದ್ರಿ. ಮೊದಲು ವಾಷರ್ ಬದಲಿ ಮಾಡ್ಲಿ.

ಭೀಮಾತೀರ:
ಅಂದಹಾಗೆ ಅದು ಎಚ್‌ಪಿನೋ ಪಿಎಸ್ಸೋ (ಮೆಟ್ರಿಕ್ ಎಚ್‌ಪಿ)? ಪಿಎಸ್ ಆದ್ರೆ 160ಕ್ಕೆ 117.7 ಕಿಲೋವ್ಯಾಟ್ ಅಷ್ಟೇ.

ನಾಜಲ್_ಬಾಸ್:
ಒಂದೂವರೆ ಕಿಲೋವ್ಯಾಟಿಗೆ 7 ಹರ್ಟ್ಜ್ ಬೀಳ್ತದೇನ್ರಿ?

ಭೀಮಾತೀರ:
ಬೀಳುತ್ತೆ ಅಂತ ನಾನೆಲ್ಲಿ ಹೇಳಿದೆ?

ತೊಗರಿಮಿಲ್:
ವಾಷರೂ ಹೊಸಾವೇ ಅವ. ಪ್ಲೇಟಿನ ಮ್ಯಾಲ ಮಾಡೆಲ್ 6ಬಿಟಿ, 160 ಎಚ್‌ಪಿ, 2500 ಆರ್‌ಪಿಎಂ. ಲೋಡ್ ತಗದ್ರ 55ಕ್ಕ ಜಿಗಿದು ಮತ್ತ 50ಕ್ಕ ಬಂದು ನಿಲ್ತದ. ನೇರ ಕಪ್ಲಿಂಗ್, ನಾಕು ಪೋಲಿನ ಆಲ್ಟರ್ನೇಟರ್.

ಬೀದರ್_ಡೀಸೆಲ್:
ಸಮಸ್ಯೆ ಅಲ್ಲೇ ಇದೆ. 160 ಬರೋದು 2500ರಲ್ಲಿ. ನಾಲ್ಕು ಪೋಲ್ ಅಂದರೆ 50 ಹರ್ಟ್ಜ್‌ಗೆ ನೀವು ಓಡಿಸ್ತಿರೋದು 1500ರಲ್ಲಿ. ಕಿಲೋವ್ಯಾಟ್ = ನ್ಯೂಟನ್ ಮೀಟರ್ × ಆರ್‌ಪಿಎಂ ÷ 9549. ಆ ರೇಟಿಂಗಿನ 6ಬಿಟಿಗೆ ಗರಿಷ್ಠ ಟಾರ್ಕ್ (ತಿರುಗಿಸೋ ಬಲ) 540 ನ್ಯೂಟನ್ ಮೀಟರ್ ಆಸುಪಾಸು. 1500ರಲ್ಲಿ ಅಷ್ಟೂ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ: 85 ಕಿಲೋವ್ಯಾಟ್, ಅಂದರೆ 114 ಎಚ್‌ಪಿ. ಅದರಲ್ಲಿ ಫ್ಯಾನ್ ಒಂದಿಷ್ಟು ತಿನ್ನುತ್ತೆ, ಆಲ್ಟರ್ನೇಟರ್ ಎಂಟು ಪರ್ಸೆಂಟ್ ತಿನ್ನುತ್ತೆ. ಕೈಗೆ ಬರೋದು 74-75. ಒಮ್ಮೆ 43 ಹರ್ಟ್ಜ್, ಅಂದರೆ 1290 ಆರ್‌ಪಿಎಂಗೆ ಇಳಿಯಿತೋ, ಟರ್ಬೊ ಒತ್ತಡವೂ ಇಳಿಯುತ್ತೆ. ಆಮೇಲೆ ಎಂಜಿನ್ ಎದ್ದೇಳಲ್ಲ, ಹೊಗೆಯಷ್ಟೇ.

5.9 ಲೀಟರ್ ಅಂದ ಮಾತ್ರಕ್ಕೆ ಇಷ್ಟೇ ಎಚ್‌ಪಿ ಅಂತ ಇಲ್ಲ. ಬೋರ್ 102, ಸ್ಟ್ರೋಕ್ 120 ಮಿಲಿಮೀಟರ್ ಎಲ್ಲದಕ್ಕೂ ಒಂದೇ. ಅಮೆರಿಕದ ಡಾಜ್ ಪಿಕಪ್‌ಗೆ 1989ರಲ್ಲಿ ಕೊಟ್ಟಾಗ 160. 1996-98ರಲ್ಲಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇದ್ದದ್ದಕ್ಕೆ 180, ಮ್ಯಾನುಯಲ್‌ಗೆ 215. ಅದೇ ಬ್ಲಾಕ್! ಬದಲಾಗೋದು ಪಂಪಿನ ಸೆಟ್ಟಿಂಗ್, ನಾಜಲ್ ತೂತು, ಟರ್ಬೊ ಹೌಸಿಂಗ್, ಪಿಸ್ಟನ್, ಆಫ್ಟರ್‌ಕೂಲರ್ (ಟರ್ಬೊದಿಂದ ಬರೋ ಬಿಸಿ ಗಾಳಿ ತಣ್ಣಗೆ ಮಾಡೋದು). 6ಬಿಟಿಗೆ ಆಫ್ಟರ್‌ಕೂಲರ್ ಇಲ್ಲ, 6ಬಿಟಿಎಗೆ ನೀರಿನಿಂದ ತಣ್ಣಗಾಗೋದು ಇದೆ, 6ಬಿಟಿಎಎಗೆ ಗಾಳಿಯಿಂದ. ಯಾವ ಭಾಗಗಳ ಜೋಡಣೆ ಅನ್ನೋದು ಪ್ಲೇಟಿನ ಸಿಪಿಎಲ್ ನಂಬರ್‌ನಲ್ಲಿದೆ, ಅದನ್ನ ಬರೆದಿಟ್ಟುಕೊಳ್ಳಿ. ಗುಜರಿಯವರು ಪ್ಲೇಟ್ ಕಿತ್ತಿದ್ದರೆ ಎಚ್‌ಪಿ ಮಾತು ನಂಬಲೇಬೇಡಿ.

ಜನರೇಟರ್ ಎಂಜಿನ್‌ಗೂ ಪ್ರೈಮ್ ರೇಟಿಂಗ್ ಬೇರೆ, ಸ್ಟ್ಯಾಂಡ್‌ಬೈ (ಕರೆಂಟ್ ಹೋದಾಗ ಮಾತ್ರ ಓಡಿಸೋದು) ಬೇರೆ. ಪ್ರೈಮ್ ಅಂದರೆ ಏರಿಳಿಯುವ ಲೋಡ್, 24 ಗಂಟೆಯ ಸರಾಸರಿ ರೇಟಿಂಗಿನ 70 ಪರ್ಸೆಂಟ್ ಮೀರಬಾರದು. ಹನ್ನೆರಡು ಗಂಟೆಯಲ್ಲಿ ಒಂದು ಗಂಟೆ 10 ಪರ್ಸೆಂಟ್ ಹೆಚ್ಚು ಹಾಕಬಹುದು. ಸ್ಟ್ಯಾಂಡ್‌ಬೈಗೆ ಆ ಹೆಚ್ಚುವರಿ ಇಲ್ಲ. ಅಳತೆಯೆಲ್ಲ 25 ಡಿಗ್ರಿ ಗಾಳಿಗೆ. ಕಲಬುರಗಿಯ ಮೇ ತಿಂಗಳಿಗೆ ಅದು ಕನಸು.

ನಾಜಲ್_ಬಾಸ್:
ಹಂಗಂದ್ರ ಪಂಪಿನ ಫುಲ್ ಲೋಡ್ ಸ್ಕ್ರೂ ಒಂದು ಸುತ್ತು ಏರಿಸ್ರಿ, ಮುಗೀತು.

ಬೀದರ್_ಡೀಸೆಲ್:
ಈಗಲೇ ಕರಿ ಹೊಗೆ. ಇನ್ನೂ ಡೀಸೆಲ್ ಸುರಿದರೆ ಪಿಸ್ಟನ್ ತಲೆ ಕರಗುತ್ತೆ, ಎಚ್‌ಪಿ ಬರಲ್ಲ. ಲಾರಿ ಟರ್ಬೊ 1500ರಲ್ಲಿ ಅಷ್ಟು ಗಾಳಿ ದೂಡಲ್ಲ. ಸೈಲೆನ್ಸರ್ ಪೈಪಿನ ತಾಪ ಅಳೆಯದೆ ಸ್ಕ್ರೂ ಮುಟ್ಟಬೇಡಿ.

ಇನ್ನೊಂದು: ಲೋಡ್ ತೆಗೆದಾಗ 50ಕ್ಕೆ ವಾಪಸ್ ಬರೋದ್ರಿಂದ ನಿಮ್ಮ ಗವರ್ನರ್ (ಎಂಜಿನ್ ಸ್ಪೀಡ್ ಹಿಡಿದಿಡೋ ಭಾಗ) ಎಲ್ಲ ಸ್ಪೀಡಿನಲ್ಲೂ ಹಿಡಿಯೋ ಜಾತಿ, ಬಚಾವ್. ಐಡಲ್ ಮತ್ತು ಮ್ಯಾಕ್ಸಿಮಮ್ ಮಾತ್ರ ಹಿಡಿಯೋ ಗವರ್ನರ್ ಆಗಿದ್ದರೆ 2500ಕ್ಕೆ ಹಾರ್ತಿತ್ತು. ಆದರೂ ಖಾಲಿ ಸ್ಪೀಡ್ 52 ಹರ್ಟ್ಜ್‌ಗೆ ಇಡಿ, ಲೋಡ್ ಬಿದ್ದಾಗ ಇಳಿಯೋಕೆ ಜಾಗ ಬೇಕು. ಮೋಟಾರ್‌ಗಳು ಎಷ್ಟೆಷ್ಟು, ಸ್ಟಾರ್ಟರ್ ಯಾವುದು?

ತೊಗರಿಮಿಲ್:
50, 20, 15 ಎಚ್‌ಪಿ. ಐವತ್ತರದ್ದು ಡೈರೆಕ್ಟ್ ಸ್ಟಾರ್ಟರ್.

ಭೀಮಾತೀರ:
ಡೈರೆಕ್ಟಾ?! ಶುರುವಿಗೆ ಆರು ಪಟ್ಟು ಕರೆಂಟ್ ಎಳೆಯುತ್ತೆ. ಸ್ಟಾರ್-ಡೆಲ್ಟಾ (ಶುರುವಿಗೆ ಕಡಿಮೆ ವೋಲ್ಟೇಜ್ ಕೊಡೋ ಸ್ಟಾರ್ಟರ್) ಹಾಕಿದ್ರೆ ಅದರ ಮೂರನೇ ಒಂದು.

ಬೀದರ್_ಡೀಸೆಲ್:
ಮೂರೂ ಸೇರಿ ತುಂಬು ಲೋಡಿಗೆ ಹತ್ತಿರಹತ್ತಿರ 69 ಕಿಲೋವ್ಯಾಟ್ ಕೇಳ್ತವೆ, ನಿಮ್ಮ ಹತ್ತಿರ ಇರೋದು 74. ಐವತ್ತರದ್ದಕ್ಕೆ ಸ್ಟಾರ್-ಡೆಲ್ಟಾ ಹಾಕಿ, ಅದನ್ನೇ ಮೊದಲು ಖಾಲಿ ಚಾಲೂ ಮಾಡಿ, ಸ್ಪೀಡ್ ನಿಂತ ಮೇಲೆ ಕಾಳು ಬಿಡಿ, ಆಮೇಲೆ ಇಪ್ಪತ್ತು. ಹದಿನೈದರದ್ದು ಕರೆಂಟ್ ಬಂದಾಗ. 60 ಕಿಲೋವ್ಯಾಟ್ ದಾಟಬೇಡಿ. ಆ ಎಂಜಿನ್‌ಗೆ 75 ಕೆವಿಎ ಸರಿ, 125 ಬೋರ್ಡ್ ಮೇಲೆ ಮಾತ್ರ.

ಹಳ್ಳಿಖೇಡ್_ರೈಡರ್:
ಇದೇ ಕತಿ ಗಾಡ್ಯಾಗೂ. ಸ್ಕಾರ್ಪಿಯೋ-ಎನ್ ಡೀಸೆಲ್ ಕೆಳಗಿನ ಮಾಡೆಲ್ಲಿಗೆ 132 ಪಿಎಸ್, ಮ್ಯಾಲಿನವಕ್ಕ 175, ಅದೇ 2.2 ಎಂಹಾಕ್ ಎಂಜಿನ್. ನಮ್ದು 175 ಆಟೊಮ್ಯಾಟಿಕ್, 400 ನ್ಯೂಟನ್ ಮೀಟರ್. ಹುಮನಾಬಾದ್ ಘಾಟ್‌ನ್ಯಾಗ ಒಂದ್ಸಲ ನೋಡ್ಬೇಕ್ರಿ.

ತೊಗರಿಮಿಲ್:
ಗಾಡಿ ಮಾತು ಬ್ಯಾರೆ ಕಡೆ ಮಾಡ್ರಿ. ಎಂಜಿನ್ 2000ಕ್ಕ ಓಡಿಸಿ ಬೆಲ್ಟ್ ಪುಲಿ ಹಾಕಿ ಆಲ್ಟರ್ನೇಟರ್ 1500ಕ್ಕ ತಿರಗಸಿದ್ರ?

ಬೀದರ್_ಡೀಸೆಲ್:
ಲೆಕ್ಕಕ್ಕೆ ಸರಿ, 2000ರಲ್ಲಿ 100 ಕಿಲೋವ್ಯಾಟ್ ದಾಟುತ್ತೆ. ಆದರೆ ಪುಲಿ ನೇರ ಫ್ಲೈವೀಲಿಗೆ ಬೋಲ್ಟ್ ಮಾಡಿದರೆ ಬೆಲ್ಟಿನ ಎಳೆತ ಹಿಂದಿನ ಮೇನ್ ಬೇರಿಂಗ್ ತಿನ್ನುತ್ತೆ. ನಡುವೆ ಎರಡು ಬೇರಿಂಗಿನ ಬೇರೆ ಶಾಫ್ಟ್ ಬೇಕೇಬೇಕು. ಡೀಸೆಲ್ಲೂ ಹೆಚ್ಚು, ಶಬ್ದವೂ ಹೆಚ್ಚು.

ನಾಜಲ್_ಬಾಸ್:
ಬೆಲ್ಟ್ ಹಾಕೋ ಮೊದಲು ಆ ಪಾರದರ್ಶಕ ಪೈಪ್ ಒಂದು ಹಚ್ಚಿ ನೋಡ್ರಲ್ಲ.

ತೊಗರಿಮಿಲ್:
ಶಾಫ್ಟಿಗೆ ಯಾವ ಸೈಜ್ ಬೇರಿಂಗ್, ಸಿ ಸೆಕ್ಷನ್ ಬೆಲ್ಟ್ ಎಷ್ಟು ಬೇಕು ಅಂತ ಯಾರಾದ್ರೂ ಹೇಳ್ರಿ.